ಮಾತ್ರೆ ನುಂಗಿದರೂ ಎಚ್‌ಬಿ ಏರದಿದ್ದರೆ ಫೆರಿಟಿನ್ ನೋಡಿ

ಮಾನ್ಯರೇ,

ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) ಕಡಿಮೆ ಎಂದರೆ ಕಬ್ಬಿಣದ ಮಾತ್ರೆ, ಏರದಿದ್ದರೆ ದಿನಕ್ಕೆ ಎರಡು ಮಾತ್ರೆ. ನಮ್ಮ ಕಡೆ ರಕ್ತಹೀನತೆಯ ಚಿಕಿತ್ಸೆ ಅನೇಕರಿಗೆ ಇಷ್ಟಕ್ಕೇ ಮುಗಿಯುತ್ತದೆ. ಹೆಚ್ಚಿನವರಿಗೆ ಇರುವುದು ಕಬ್ಬಿಣದ ಕೊರತೆಯೇ, ಅವರಿಗೆ ಮಾತ್ರೆ ಬೇಕೇ ಬೇಕು. ಆದರೆ ಮೈಯಲ್ಲಿ ಕಬ್ಬಿಣವಿದ್ದೂ ಬಳಕೆಗೆ ಬಾರದವರೂ ಇದ್ದಾರೆ.

ಕಬ್ಬಿಣ ಮೂಳೆಮಜ್ಜೆಯ ಜೀವಕೋಶದೊಳಗೆ ಹೋದ ಮಾತ್ರಕ್ಕೆ ಹಿಮೋಗ್ಲೋಬಿನ್ ಆಗುವುದಿಲ್ಲ. ಅದರ ತಿರುಳಾದ ಹೀಮ್ ತಯಾರಿಯ ಮೊದಲ ಹಂತವೂ ಕೊನೆಯ ಹಂತವೂ ನಡೆಯುವುದು ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಿ. ಅದರ ಒಳಪೊರೆ ಬಲು ಬಿಗಿ. ಕಬ್ಬಿಣವನ್ನು ದಾಟಿಸಲು ಮೈಟೊಫೆರಿನ್-1 ಎಂಬ ಸಾಗಣೆ ಪ್ರೋಟೀನು ಬೇಕು. ಇದನ್ನು 2006ರಲ್ಲಿ ಗುರುತಿಸಿದ್ದು ಹುಟ್ಟಿನಿಂದಲೇ ರಕ್ತಹೀನವಾದ ಜೀಬ್ರಾಮೀನುಗಳಲ್ಲಿ. ಹೀಮ್‌ನ ಕಚ್ಚಾವಸ್ತು ಗ್ಲೈಸಿನ್‌ಗೆ ಬೇರೆ ಪ್ರೋಟೀನು, ಎಸ್‌ಎಲ್‌ಸಿ25ಎ38. ಗ್ಲೈಸಿನ್‌ನಿಂದ ಶುರುವಾಗುವ ಮೊದಲ ಹಂತಕ್ಕೆ ಬಿ6 ಜೀವಸತ್ವ ಬೇಕು. ಕೊನೆಗೆ ಫೆರೊಕೆಲಟೇಸ್ ಎಂಬ ಕಿಣ್ವ ಕಬ್ಬಿಣವನ್ನು ಹೀಗೆ ತಯಾರಾದ ಉಂಗುರಾಕಾರದ ಅಣುವಿನ ನಡುವೆ ಕೂರಿಸುತ್ತದೆ, ಅದೇ ಹೀಮ್.

ಗ್ಲೈಸಿನ್ ಸಾಗಣೆ ಹುಟ್ಟಿನಿಂದ ಕೆಟ್ಟಿದ್ದರೆ, ಅಥವಾ ಕ್ಷಯಕ್ಕೆ ಐಸೋನಿಯಾಜಿಡ್ ನುಂಗುವವರು ಜೊತೆಗೆ ಬಿ6 ತೆಗೆದುಕೊಳ್ಳದಿದ್ದರೆ, ಉಂಗುರವೇ ಆಗದೆ ಹೋಗಬಹುದು. ಕಬ್ಬಿಣ ಮಾತ್ರ ಬರುತ್ತಲೇ ಇರುತ್ತದೆ. ಸಕ್ಕರೆ ಕಾರ್ಖಾನೆಯ ಗಾಣ ನಿಂತರೂ ಕಬ್ಬಿನ ಲಾರಿಗಳು ಸಾಲುಗಟ್ಟಿದಂತೆ. ಮಜ್ಜೆಗೆ ಪ್ರಷ್ಯನ್ ಬ್ಲೂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಎಳೆಯ ಕೆಂಪುಕಣದ ನ್ಯೂಕ್ಲಿಯಸ್ಸಿನ ಮೂರನೇ ಒಂದು ಭಾಗವನ್ನಾದರೂ ಬಳಸಿ ನಿಂತ ಐದಾರು ನೀಲಿ ಚುಕ್ಕೆಗಳು ಕಾಣುತ್ತವೆ. ಅದೆಲ್ಲ ಮೈಟೊಕಾಂಡ್ರಿಯದಲ್ಲಿ ಸಿಕ್ಕಿಕೊಂಡ ಕಬ್ಬಿಣ. ಇಂಥವರಿಗೆ ತಿಂಗಳುಗಟ್ಟಲೆ ಮತ್ತಷ್ಟು ಕಬ್ಬಿಣ ಕೊಟ್ಟರೆ ಅದು ಯಕೃತ್ತು, ಹೃದಯದಲ್ಲಿ ಶೇಖರವಾಗಿ ಹಾನಿ ಮಾಡುತ್ತದೆ.

ಮೊದಲು ಮಾತ್ರೆಯನ್ನು ಸರಿಯಾಗಿ ನುಂಗುತ್ತಿದ್ದಾರೆಯೇ ಕೇಳಬೇಕು. ಕಾಫಿ, ಟೀ, ಹಾಲಿನ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗಿರಲಿ. ಹೀಗೆ ನಾಲ್ಕು ವಾರ ನುಂಗಿದರೆ ಎಚ್‌ಬಿ ಡೆಸಿಲೀಟರ್‌ಗೆ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ ಡೋಸ್ ಹೆಚ್ಚಿಸುವ ಮೊದಲು ಸಿಬಿಸಿ (ರಕ್ತಕಣಗಳ ಎಣಿಕೆ), ರಕ್ತದ ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು), ಮತ್ತು ಮೈಯಲ್ಲಿ ಶೇಖರವಾದ ಕಬ್ಬಿಣವನ್ನು ತಿಳಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ವಯಸ್ಕರಲ್ಲಿ ಫೆರಿಟಿನ್ ಮಿಲಿಲೀಟರ್‌ಗೆ 15 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ಕಬ್ಬಿಣದ ಕೊರತೆ ಖಚಿತ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ತಾನೇ ಏರುತ್ತದೆ, ಆದ್ದರಿಂದ ಉರಿಯೂತವನ್ನು ತೋರಿಸುವ ಸಿಆರ್‌ಪಿಯನ್ನೂ ನೋಡಬೇಕು. ಫೆರಿಟಿನ್ ಚೆನ್ನಾಗಿದ್ದೂ ಕೆಂಪುಕಣ ಚಿಕ್ಕದಿದ್ದರೆ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇದೆಯೇ ತಿಳಿಯಲು ಎಚ್‌ಬಿಎ2 (ಹಿಮೋಗ್ಲೋಬಿನ್‌ನ ಒಂದು ಬಗೆ) ಪರೀಕ್ಷೆ ಆಗಲಿ. ಮದ್ಯ, ಕ್ಷಯದ ಔಷಧಿ, ಬ್ಯಾಟರಿ ಸೀಸದ ಕೆಲಸದ ಬಗ್ಗೆಯೂ ವೈದ್ಯರು ವಿಚಾರಿಸಲಿ. ಸೀಸ ಫೆರೊಕೆಲಟೇಸನ್ನೇ ತಡೆಯುತ್ತದೆ.

ಇದನ್ನು ಓದಿ ಗರ್ಭಿಣಿಯರು ತಾವಾಗಿ ಮಾತ್ರೆ ನಿಲ್ಲಿಸಬಾರದು. ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆಯವರು ಫೆರಿಟಿನ್ ಎಂಬ ಒಂದು ಪರೀಕ್ಷೆಗೆ ಅಲೆಯದಂತೆ, ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತ ತೆಗೆದು ಮಂಡ್ಯಕ್ಕೆ ಕಳಿಸಿ, ಫಲಿತಾಂಶವನ್ನು ಆಶಾ ಕಾರ್ಯಕರ್ತೆಯ ಮೂಲಕ ಮನೆಗೆ ಮುಟ್ಟಿಸುವ ಏರ್ಪಾಡನ್ನು ಆರೋಗ್ಯ ಇಲಾಖೆ ಮಾಡಬೇಕು.

– ಜೀವರಸಾಯನಶಾಸ್ತ್ರ ಉಪನ್ಯಾಸಕರು, ಮಂಡ್ಯ