ಮಗಳಿಗೊಂದು ಪತ್ರ: ಬೇಕಾದ ಅಂಕಿ

ಬಳ್ಳಾರಿ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಅಜ್ಜಿ ತೀರಿಕೊಂಡು ವರ್ಷವಾದ ದಿನ ನೀನು ಅಡುಗೆಮನೆ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದೆ. ‘ಅಪ್ಪಾ, ನೀನು ದೇವರನ್ನ ನಂಬಲ್ಲ ಅಂತೀಯ. ಮತ್ತೆ ಹುಲಿಗಿ ಗುಡಿಗೆ ಹೋಗಿ ಅಜ್ಜಿ ಹೆಸರಲ್ಲಿ ಕಾಯಿ ಒಡೆಸಿಕೊಂಡು ಬಂದೆ. ಯಾವುದು ನಿಜ?’ ಮನೆ ತುಂಬಾ ಜನ ಇದ್ದರು. ಒಲೆ ಮೇಲೆ ಹೋಳಿಗೆಗೆ ಬೇಳೆ ಬೇಯುತ್ತಿತ್ತು. ನಾನು ಸುಮ್ಮನಾದೆ. ರಾತ್ರಿ ಸ್ಟೇಷನ್ನಿನಲ್ಲಿ ರೈಲು ಹೊರಡುವ ಹೊತ್ತಿಗೆ ಇನ್ನೊಂದು ಕೇಳಿದೆ. ‘ಮೇಲೆ ಯಾರೂ ಇಲ್ಲ ಅಂದ್ರೆ ಮುಂದೆ ನಮ್ಮ ಗತಿ ಏನಪ್ಪಾ? ವರ್ಷ ವರ್ಷ ಬಿಸಿಲು ಏರ್ತಾ ಇದೆ. ಎಲ್ಲಿ ನೋಡಿದ್ರೂ ಯುದ್ಧ. ನಿನಗೆ ಭಯ ಆಗಲ್ವಾ?’ ಅಷ್ಟರಲ್ಲಿ ರೈಲು ಹೊರಟೇಬಿಟ್ಟಿತು.

ಎರಡಕ್ಕೂ ಉತ್ತರ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಅರ್ಧ ಮಾತು ನುಂಗಿಬಿಡುತ್ತೇನೆ.

ಕಾಯಿಯದ್ದು ಮೊದಲು ಹೇಳುತ್ತೇನೆ. ಅವ್ವ ಆಸ್ಪತ್ರೆಯಲ್ಲಿದ್ದಾಗ ನನ್ನ ಕೈ ಹಿಡಿದುಕೊಂಡು ಕೇಳಿದ್ದಳು. ಹುಲಿಗೆಮ್ಮನಿಗೆ ಹೊತ್ತ ಹರಕೆ ಒಂದು ಉಳಿದಿದೆ, ನೀನು ನಂಬದಿದ್ದರೂ ಪರವಾಗಿಲ್ಲ, ನನ್ನ ಸಲುವಾಗಿ ತೀರಿಸು ಅಂತ. ಆಯ್ತವ್ವಾ ಅಂದೆ. ಅದಕ್ಕೇ ಹೋದೆ. ಗುಡಿಯಲ್ಲಿ ನಾನು ಏನನ್ನೂ ಬೇಡಲಿಲ್ಲ. ಬೇಡಿದಂತೆ ನಟಿಸಲೂ ಇಲ್ಲ. ಅವ್ವನಿಗೆ ಕೊಟ್ಟ ಮಾತು ಉಳಿಸಿಕೊಂಡು ಹೊಳೆ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತು ಬಂದೆ. ಕಾಯಿ ಒಡೆಸಿದ್ದೂ ನಿಜ, ನಂಬದಿರುವುದೂ ನಿಜ ತಾಯಿ.

ಯಾಕೆ ನಂಬಲ್ಲ ಅನ್ನುವುದಕ್ಕೆ ನಿನಗೆ ಇದುವರೆಗೂ ಹೇಳದ ಒಂದು ಸಂಗತಿ ಹೇಳಬೇಕು.

ನೀನು ಅಂಗನವಾಡಿಗೆ ಹೋಗುತ್ತಿದ್ದ ಕಾಲ. ಬಳ್ಳಾರಿಯಲ್ಲಿ ಅದಿರಿನ ಭರಾಟೆ. ಸಂಡೂರು ಕಡೆಯಿಂದ ಹಗಲೂ ರಾತ್ರಿ ಲಾರಿಗಳ ಸಾಲು. ಒಣಗಿ ಹಾಕಿದ ಬಟ್ಟೆ ಸಂಜೆಗೆ ಕೆಂಪಾಗುತ್ತಿತ್ತು. ನಾನು ಅದಿರು ಪರೀಕ್ಷೆ ಮಾಡುವ ಒಂದು ಚಿಕ್ಕ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ನೂರು ಕೆಜಿ ಅದಿರಿನಲ್ಲಿ ಕಬ್ಬಿಣ ಎಷ್ಟು ಕೆಜಿ ಅಂತ ಹೇಳುವುದು ನನ್ನ ಕೆಲಸ. ಅದರ ಮೇಲೆ ದರ. ಒಂದು ಅಂಕಿ ಆಚೀಚೆಯಾದರೆ ಲಕ್ಷಗಟ್ಟಲೆ ವ್ಯತ್ಯಾಸ.

ಕೆಲಸ ಹೀಗೆ. ನುಣ್ಣಗೆ ಅರೆದ ಪುಡಿಯನ್ನು ತೂಗಬೇಕು. ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಕಾಯಿಸಿ ಕರಗಿಸಬೇಕು. ದ್ರಾವಣ ಹಳದಿಯಾಗುತ್ತದೆ. ಆ ಹಳದಿ ಹೋಗುವ ತನಕ ಸ್ಟ್ಯಾನಸ್ ಕ್ಲೋರೈಡನ್ನು ಹನಿ ಹನಿಯಾಗಿ ಬಿಡಬೇಕು. ಬೇಕಾದ ಬೇರೆ ರಾಸಾಯನಿಕಗಳನ್ನು ಸೇರಿಸಿ, ಕೊನೆಗೆ ಬ್ಯುರೆಟ್ಟಿನಿಂದ, ಅಂದರೆ ಅಳತೆಯ ಗೆರೆಗಳಿರುವ ಗಾಜಿನ ಕೊಳವೆಯಿಂದ, ಡೈಕ್ರೋಮೇಟ್ ದ್ರಾವಣ ಬಿಡುತ್ತಾ ಹೋಗಬೇಕು. ಹಸಿರಿದ್ದದ್ದು ಒಂದೇ ಒಂದು ಹನಿಗೆ ನೇರಳೆಗೆ ತಿರುಗುತ್ತದೆ. ಅಲ್ಲಿ ನಿಲ್ಲಿಸಬೇಕು. ಎಷ್ಟು ಇಳಿದಿದೆ ಅಂತ ಓದಬೇಕು. ಆ ನೇರಳೆ ಎಷ್ಟು ಚೆಂದ ಗೊತ್ತಾ? ಸಾವಿರ ಸಲ ನೋಡಿದರೂ ನನಗೆ ಬೇಸರವಾಗಲಿಲ್ಲ.

ಒಂದು ದಿನ ಗುರುತಿನವರೊಬ್ಬರ ಸ್ಯಾಂಪಲ್ ಬಂತು. ಒಳ್ಳೆಯ ಮನುಷ್ಯ. ಸಾಲ ಮಾಡಿದ್ದ. 63 ಬಂದರೆ ಬದುಕಿಕೊಳ್ಳುತ್ತೇನೆ ಅಂದಿದ್ದ. ಮೊದಲ ಸಲ 62ರ ಹತ್ತಿರ ಬಂತು. ಆಸಿಡ್ ಸರಿಯಾಗಿ ಕಾದಿಲ್ಲ ಅನ್ನಿಸಿತು, ಮತ್ತೆ ಮಾಡಿದೆ. ಮತ್ತೂ ಕಡಿಮೆ. ಬ್ಯುರೆಟ್ ತೊಳೆದು ಮೂರನೇ ಸಲ ಮಾಡಿದೆ. ನಾಲ್ಕನೇ ಸಲ 63 ದಾಟಿತು. ಸಮಾಧಾನದಿಂದ ಅದನ್ನೇ ಬರೆದೆ.

ನಾನು ಸುಳ್ಳು ಬರೆದೆನಾ? ಇಲ್ಲ, ಆ ಅಂಕಿ ನಿಜವಾಗಿಯೂ ಬಂದಿತ್ತು. ಲಂಚ ತಗೊಂಡೆನಾ? ಒಂದು ಪೈಸೆಯೂ ಇಲ್ಲ. ಆದರೆ ಮೊದಲ ಸಲವೇ 63 ಬಂದಿದ್ದರೆ ಎರಡನೇ ಸಲ ಮಾಡುತ್ತಿದ್ದೆನಾ? ಆಸಿಡ್ಡಿನ ಮೇಲೆ ಅನುಮಾನ ಬರುತ್ತಿತ್ತಾ? ಇಲ್ಲ. ಬೇಡದ ಅಂಕಿ ಬಂದಾಗ ಮಾತ್ರ ತಪ್ಪು ಹುಡುಕಿದೆ. ಬೇಕಾದ ಅಂಕಿ ಬಂದಾಗ ನಿಲ್ಲಿಸಿದೆ. ಕೈ ಸುಳ್ಳು ಹೇಳಲಿಲ್ಲ, ಆಸೆ ಹೇಳಿಸಿತು. ಆಮೇಲೆ ಆ ಮಾಲು ಬೇರೆ ಕಡೆ ಪರೀಕ್ಷೆಯಾಗಿ 62ಕ್ಕೇ ನಿಂತಿತು. ಆ ಮನುಷ್ಯನಿಗೆ ನಾನು ಮಾಡಿದ ಉಪಕಾರ ಅಷ್ಟೇ.

ನಮ್ಮ ಸೀನಿಯರ್ ಕೆಮಿಸ್ಟ್ ಬೈಯಲಿಲ್ಲ. ಮರುದಿನದಿಂದ ಪೊಟ್ಟಣಗಳ ಮೇಲಿನ ಹೆಸರು ತೆಗೆಸಿ ಬರೀ ನಂಬರ್ ಹಾಕಿಸಿದರು. ಯಾರ ಮಾಲು ಅಂತ ನನಗೆ ಗೊತ್ತಾಗಬಾರದು. ನಡುವೆ ಒಂದು ಪೊಟ್ಟಣ ಮೊದಲೇ ಅಂಕಿ ಗೊತ್ತಿರುವ ಅದಿರು. ನನ್ನನ್ನು ಪರೀಕ್ಷೆ ಮಾಡಲಿಕ್ಕೆ. ಬಂದ ಅಂಕಿಗಳನ್ನೆಲ್ಲ ರಿಜಿಸ್ಟರಿನಲ್ಲಿ ಬರೆಯಬೇಕು, ಇಷ್ಟವಾಗದ್ದನ್ನೂ. ನನಗೆ ಮೊದಲು ಅವಮಾನವಾಯಿತು. ನನ್ನ ಮೇಲೆ ಇವರಿಗೆ ನಂಬಿಕೆ ಇಲ್ಲವಾ ಅಂತ. ಎಷ್ಟೋ ದಿನ ಆದಮೇಲೆ ತಿಳಿಯಿತು, ಮನುಷ್ಯನ ಆಸೆಯನ್ನು ಕೆಲಸದಿಂದ ದೂರ ಇಡುವುದಕ್ಕೆ ಅದಕ್ಕಿಂತ ಮರ್ಯಾದೆಯ ದಾರಿ ಇಲ್ಲ.

ಅವತ್ತಿನಿಂದ ಹರಕೆಗಳನ್ನೂ ನಾನು ಹಾಗೇ ನೋಡತೊಡಗಿದೆ. ನಮ್ಮ ಮನೆಯಲ್ಲಿ ಹತ್ತು ಹರಕೆ ಹೊತ್ತರೆ ಒಂದೆರಡು ಫಲಿಸುತ್ತಿದ್ದವು. ಅವುಗಳ ಕಥೆ ಇಡೀ ಓಣಿಗೆ ಗೊತ್ತು. ಫಲಿಸದ ಎಂಟು? ಅದು ನಮ್ಮ ಕರ್ಮ, ಭಕ್ತಿ ಕಡಿಮೆ ಆಯ್ತು, ಅಮ್ಮ ಪರೀಕ್ಷೆ ಮಾಡ್ತಿದ್ದಾಳೆ. ರಿಜಿಸ್ಟರಿನಲ್ಲಿ ಅವು ಇಲ್ಲ. ಯಾವ ಅಂಕಿ ಬಂದರೂ ಒಂದು ಮಾತು ಸುಳ್ಳಾಗುವುದೇ ಇಲ್ಲ ಅಂದರೆ, ಅದನ್ನು ಪರೀಕ್ಷೆ ಮಾಡಿದ್ದೇವೆ ಅಂತ ಹೇಗೆ ಹೇಳುವುದು? ದೇವರಿಲ್ಲ ಅಂತ ನಾನು ಸಾಬೀತು ಮಾಡಿಲ್ಲ ಪುಟ್ಟಿ. ಇದ್ದಾನೆ ಅನ್ನುವುದಕ್ಕೆ ಜನ ಕೊಟ್ಟ ಪುರಾವೆ ನೋಡಿದ್ದೇನೆ. ನನಗೆ ಸಾಲಲಿಲ್ಲ. ನಾಳೆ ಒಳ್ಳೆಯ ಪುರಾವೆ ಬಂದರೆ ಅದನ್ನೂ ಬರೆದುಕೊಳ್ಳುತ್ತೇನೆ.

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದ್ದರು. ಆ ನಡೆ ನನಗೆ ತುಂಬಾ ಇಷ್ಟ. ಬೈಗುಳವಿಲ್ಲ, ಗೇಲಿಯಿಲ್ಲ. ಬನ್ನಿ, ಎಲ್ಲರ ಮುಂದೆ ನೋಡೋಣ ಅನ್ನುವುದಷ್ಟೇ.

ನಾನು ಮಾತ್ರ ಗೇಲಿ ಮಾಡಿದ್ದೇನೆ. ಅದನ್ನೂ ಹೇಳಿಬಿಡುತ್ತೇನೆ. ಕಾಲೇಜು ಮುಗಿಸಿದ ಹೊಸತರಲ್ಲಿ ಅವ್ವನ ಪೂಜೆಯನ್ನು ನೆಂಟರ ಎದುರು ಆಡಿಕೊಂಡಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಆ ಮುಖದ ಮೇಲಿನ ಕಲೆಗಳು ಏನು ಅಂತ ಅವತ್ತು ನಾನು ಯೋಚಿಸಲಿಲ್ಲ.

ಅಜ್ಜಿಯ ಮುಖದ ಸಣ್ಣ ಸಣ್ಣ ಗುಳಿಗಳ ಮೇಲೆ ನೀನು ಚಿಕ್ಕವಳಿದ್ದಾಗ ಬೆರಳಾಡಿಸುತ್ತಿದ್ದೆ. ಅದು ಸಿಡುಬು. ಅವಳಿಗೆ ಆರೇಳು ವರ್ಷ ಇದ್ದಾಗ ಊರಿಗೆ ‘ಅಮ್ಮ’ ಬಂದಳು. ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದರು. ಒಗ್ಗರಣೆ ನಿಲ್ಲಿಸಿದರು. ತಂಪು ನೀರು, ಮೊಸರನ್ನ. ಅವಳು ಉಳಿದಳು. ಅವಳ ತಮ್ಮ ಉಳಿಯಲಿಲ್ಲ. ಉಳಿದದ್ದಕ್ಕೆ ಅಮ್ಮನಿಗೆ ಕೈ ಮುಗಿದರು, ಹೋದದ್ದಕ್ಕೂ ಕೈ ಮುಗಿದರು. ಬೇರೆ ಏನು ಮಾಡಬೇಕಿತ್ತು ಹೇಳು? ಕೈಯಲ್ಲಿ ಔಷಧ ಇರಲಿಲ್ಲ. ಮಗು ಕಣ್ಣೆದುರು ಸುಡುತ್ತಿರುವಾಗ ಯಾರನ್ನಾದರೂ ಕರೆಯಲೇಬೇಕಲ್ಲವಾ. ಅವರು ದಡ್ಡರಲ್ಲ. ದಿಕ್ಕಿಲ್ಲದವರು.

ಆ ರೋಗ ಈಗ ಎಲ್ಲಿದೆ? ಭಾರತದಲ್ಲಿ ಕೊನೆಗೆ ಕಂಡದ್ದು 1975ರಲ್ಲಿ. ಸೊಮಾಲಿಯಾದಲ್ಲಿ ಸಹಜವಾಗಿ ಹರಡಿದ ಕೊನೆಯ ಸಿಡುಬು 1977ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭೂಮಿಯ ಮೇಲೆ ಸಿಡುಬು ಇಲ್ಲ ಅಂತ ಸಾರಿತು. ಅದು ತಾನಾಗಿ ಹೋಗಲಿಲ್ಲ. ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕುವವರು ಎರಡು ಮೊನೆಯ ಸೂಜಿ ಹಿಡಿದು ಹಳ್ಳಿ ಹಳ್ಳಿ ತಿರುಗಿದರು. ರೋಗ ಕಂಡ ಮನೆಯ ಸುತ್ತ ಇದ್ದವರಿಗೆಲ್ಲ ದಾಕು ಹಾಕಿ, ಅದು ದಾಟದಂತೆ ಬೇಲಿ ಕಟ್ಟಿದರು. ಒಂದೊಂದು ಪ್ರಕರಣವನ್ನೂ ಲೆಕ್ಕ ಇಟ್ಟರು. ಅಣುಬಾಂಬು ಹಿಡಿದು ಒಬ್ಬರಿಗೊಬ್ಬರು ಹೆದರಿಸುತ್ತಿದ್ದ ಅಮೆರಿಕ ಮತ್ತು ಸೋವಿಯತ್ ರಷ್ಯಾ ಈ ಒಂದು ಕೆಲಸದಲ್ಲಿ ಜೊತೆಗಿದ್ದವು. ಭಯ ಆಗಲ್ವಾ ಅಂತ ಕೇಳಿದೆಯಲ್ಲ, ಆಗುತ್ತದೆ. ಆದಾಗ ನಾನು ನೆನಪು ಮಾಡಿಕೊಳ್ಳುವುದು ಇದನ್ನು. ನನ್ನ ತೋಳಿನ ಮೇಲೆ ಆ ದಾಕಿನ ಗುಂಡು ಗುರುತು ಇದೆ. ನಿನಗೆ ಕ್ಷಯದ ಬಿಸಿಜಿ ಲಸಿಕೆಯದ್ದು ಮಾತ್ರ ಇದೆ. ಸಿಡುಬಿನದು ನಿನಗೆ ಬೇಕಾಗಲೇ ಇಲ್ಲ.

ಓದಿದವರು ಮಾತ್ರ ಸರಿ, ಹಳ್ಳಿಯವರು ತಪ್ಪು ಅಂತಲ್ಲ. ಕುಡತಿನಿಯ ಬೂದಿದಿಬ್ಬವನ್ನೇ ನೋಡು. ಹೊಸಪೇಟೆಗೆ ಹೋಗುವಾಗ ಕಿಟಕಿಯಿಂದ ತೋರಿಸುತ್ತಿದ್ದೆನಲ್ಲ. ರಾಕ್ಷಸರನ್ನು ಸುಟ್ಟ ಬೂದಿ ಅಂತ ನಮ್ಮಪ್ಪ ಹೇಳುತ್ತಿದ್ದರು. ಹಂಪಿ ಹತ್ತಿರ ನಿಂಬಾಪುರದಲ್ಲಿರುವ ದಿಬ್ಬವನ್ನು ವಾಲಿಯ ಚಿತೆಯ ಬೂದಿ ಅನ್ನುತ್ತಾರೆ. ಬ್ರಿಟಿಷರ ಕಾಲದ ಓದಿದವರೇನು ಕಡಿಮೆ? ಜ್ವಾಲಾಮುಖಿ ಅಂದವರಿದ್ದರು, ಕಬ್ಬಿಣ ಕಾಯಿಸಿದ ಕಿಟ್ಟ ಅಂದವರಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ಕಲ್ಲಿನ ಕಾಲದ ದನಗಾರರ ಸಗಣಿ ಸುಟ್ಟ ಬೂದಿ ಅಂದರು. ಮಾತು ಇತ್ಯರ್ಥ ಆಗಲಿಕ್ಕೆ ಎಷ್ಟೋ ದಶಕ ಹಿಡಿಯಿತು. ಆಮೇಲೆ ಪುರಾತತ್ವಜ್ಞ ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದ್ದೇ ದಿಬ್ಬ ಅಗೆದಾಗ ದನಗಳ ಗೊರಸಿನ ಗುರುತೇ ಸಿಕ್ಕಿತು. ದೊಡ್ಡಿಯ ಗೂಟ ನೆಟ್ಟ ಗುಳಿಗಳು ಸಿಕ್ಕವು. ನಮ್ಮ ಜಿಲ್ಲೆಯ ಬೂದಿಯನ್ನು ಝಾಯ್ನರ್ ಎಂಬ ವಿಜ್ಞಾನಿ ಪರೀಕ್ಷೆ ಮಾಡಿ ಸಗಣಿಯದ್ದೇ ಅಂತ ತೋರಿಸಿದರು.

ಆದರೆ ಯಾಕೆ ಸುಟ್ಟರು ಅನ್ನುವುದರ ಬಗ್ಗೆ ಇನ್ನೂ ಚರ್ಚೆ ನಡೆದಿದೆ. ಸಂಕ್ರಾಂತಿಗೆ ದನಕ್ಕೆ ಕಿಚ್ಚು ಹಾಯಿಸುವಂಥ ಹಬ್ಬ ಇದ್ದಿರಬಹುದು ಅನ್ನುವವರಿದ್ದಾರೆ. ಹಾಗಿದ್ದರೆ ಆ ಬೂದಿಯೇ ಯಾರದೋ ಭಕ್ತಿಯ ಗುರುತು. ನಾನು ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಅವ್ವನ ನೆನಪಾಗುತ್ತದೆ. ರಾಕ್ಷಸರ ಕಥೆಗಿಂತ ಈ ದನಗಾರರೇ ನನಗೆ ಜಾಸ್ತಿ ಹತ್ತಿರ. ನಾಲ್ಕೈದು ಸಾವಿರ ವರ್ಷದ ಹಿಂದೆ, ಇದೇ ಬಿಸಿಲಿನಲ್ಲಿ, ದನ ಉಳಿಯಲಿ ಅಂತ ಒದ್ದಾಡಿದವರು.

ಈಗ ನಿನ್ನ ಎರಡನೇ ಪ್ರಶ್ನೆ.

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಾ? ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಸಿರುಗುಪ್ಪದಿಂದ ನಿನ್ನ ದೊಡ್ಡಪ್ಪ ಫೋನ್ ಮಾಡಿ ಮಾತಾಡಲಾಗದೆ ಇಟ್ಟುಬಿಟ್ಟರು. ಭತ್ತ ನಾಟಿ ಆಗಿತ್ತು. ಬಳ್ಳಾರಿ, ಕೊಪ್ಪಳ, ರಾಯಚೂರು, ಆಚೆ ಆಂಧ್ರ, ತೆಲಂಗಾಣ, ಎಲ್ಲರ ನೀರೂ ಅದೇ. ಒಂದು ಗೇಟಿನ ಮೇಲೆ ಒತ್ತಡ ಬೀಳದಿರಲಿ ಅಂತ ಬೇರೆ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಜನ ಪೂಜೆ ಮಾಡಿದರು. ನಾನು ಅವರನ್ನು ತಪ್ಪು ಅನ್ನಲಾರೆ, ನನಗೂ ರಾತ್ರಿ ನಿದ್ದೆ ಇರಲಿಲ್ಲ. ಆದರೆ ಆ ಬಾಯಿ ಮುಚ್ಚಿದ್ದು ಹೇಗೆ? ಕನ್ನಯ್ಯ ನಾಯ್ಡು ಎಂಬ ಹಿರಿಯ ಎಂಜಿನಿಯರ್ ಬಂದರು. ಕಬ್ಬಿಣದ ಗೇಟನ್ನು ತುಂಡು ತುಂಡಾಗಿ ಮಾಡಿಸಿದರು. ಹರಿಯುವ ನೀರಿನಲ್ಲೇ ಕ್ರೇನಿನಿಂದ ಒಂದರ ಮೇಲೊಂದು ಇಳಿಸಿದರು. ವೆಲ್ಡರುಗಳು, ಕ್ರೇನ್ ಓಡಿಸುವವರು, ಮಳೆಯಲ್ಲಿ ಹಗ್ಗ ಹಿಡಿದವರು. ಒಂದು ವಾರದಲ್ಲಿ ಮುಚ್ಚಿತು.

ಮೇಲೆ ಯಾರೂ ಇಲ್ಲ ಅಂದರೆ ನನ್ನ ಮಟ್ಟಿಗೆ ಅರ್ಥ ಇದೇ ಪುಟ್ಟಿ. ಆ 33 ಗೇಟುಗಳನ್ನು ನೋಡಿಕೊಳ್ಳಲು ನಮ್ಮನ್ನು ಬಿಟ್ಟು ಬೇರೆ ಯಾರೂ ಇಲ್ಲ. 1953ರಿಂದ ನೀರು ಹೊತ್ತ ಡ್ಯಾಮು ಅದು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105.788. ಹೂಳು ನಮ್ಮ ಅಭಿಪ್ರಾಯ ಕೇಳಲ್ಲ. ಗಾಳಿಗೆ ಸೇರುವ ಕಾರ್ಬನ್ನೂ ಅಷ್ಟೇ. ಅದನ್ನು ಅಳೆಯಬೇಕು, ಬಂದ ಅಂಕಿ ಇಷ್ಟವಾಗದಿದ್ದರೂ ಬರೆಯಬೇಕು, ಆಮೇಲೆ ಕೈ ಹಾಕಬೇಕು.

ನನಗೆ ನಿಜವಾದ ಭಯ ಇರುವುದು ಇಲ್ಲಿ. ಈಗ ಎಲ್ಲರ ಜೇಬಿನಲ್ಲೂ ಬೇಕಾದ ಅಂಕಿ ಕೊಡುವ ಯಂತ್ರ ಇದೆ. ನಿನಗೆ ಏನು ಇಷ್ಟ ಅಂತ ತಿಳಿದುಕೊಂಡು ಅದನ್ನೇ ಮತ್ತೆ ಮತ್ತೆ ತೋರಿಸುತ್ತದೆ. ಫೋಟೋ, ಧ್ವನಿ, ಎಲ್ಲವನ್ನೂ ಎಐ ಹುಟ್ಟಿಸುತ್ತದೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ದೇವರನ್ನು ನಂಬದ ಗೆಳೆಯರೇ ತಮಗೆ ಹಿತವಾದ ಸುಳ್ಳನ್ನು ನೋಡದೆ ಕಳಿಸುತ್ತಾರೆ. ನಾನೂ ಒಂದೆರಡು ಸಲ ಕಳಿಸಿದ್ದೇನೆ. ದೇವರನ್ನು ಬಿಟ್ಟ ಮಾತ್ರಕ್ಕೆ ಯಾರಿಗೂ ಬುದ್ಧಿ ಬರುವುದಿಲ್ಲ. ಅಣುಬಾಂಬು, ಹೊಸ ರೋಗ, ಬಿಸಿಲು, ಇವೆಲ್ಲ ಬರುತ್ತವೆ. ಬಂದಾಗ ಬ್ಯುರೆಟ್ ಏನು ಹೇಳುತ್ತಿದೆ ಅಂತ ಒಟ್ಟಿಗೆ ಕೂತು ಓದಲು ನಮಗೆ ಆಗುತ್ತದಾ? ಸಿಡುಬಿನ ವಿಷಯದಲ್ಲಿ ಆಯಿತು. ಸಂಡೂರಿನ ಗುಡ್ಡಗಳ ವಿಷಯದಲ್ಲಿ ತಡವಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ಹೊತ್ತಿಗೆ ಎಷ್ಟೋ ಗುಡ್ಡ ಹೋಗಿದ್ದವು. ನನ್ನ ಕೆಲಸವೂ ಅವತ್ತೇ ಹೋಯಿತು. ಆದರೂ ಆ ಆದೇಶ ಸರಿ ಅಂತ ಅವತ್ತೇ ಅನ್ನಿಸಿತ್ತು.

ನೀನು ಅಜ್ಜಿಯ ಹಾಗೆ ಕೈ ಮುಗಿಯುವವಳಾದರೂ ನನಗೆ ನಿನ್ನ ಮೇಲೆ ಅಷ್ಟೇ ಪ್ರೀತಿ. ಅವಳ ಹುಲಿಗೆಮ್ಮನ ಫೋಟೋ ಗೋಡೆಯ ಮೇಲೆ ಹಾಗೇ ಇದೆ. ನಾನೇ ಒರೆಸುತ್ತೇನೆ. ನನ್ನ ಮಾತಿನಲ್ಲಿ ಎಲ್ಲಿ ತೂಕ ತಪ್ಪಿದೆ ಅನ್ನಿಸುತ್ತದೋ ಅಲ್ಲಿ ಗೆರೆ ಎಳೆದು ಇಟ್ಟುಕೋ. ದಸರಾಕ್ಕೆ ಬಂದಾಗ ಕುಡತಿನಿಗೆ ಹೋಗೋಣ. ದಿಬ್ಬದ ಮೇಲೆ ಕೂತು ಮಾತಾಡೋಣ. ನಿನ್ನಮ್ಮ ಒಗ್ಗರಣೆ ಮಂಡಕ್ಕಿ ಕಟ್ಟಿಕೊಡುತ್ತೇನೆ ಅಂದಿದ್ದಾಳೆ.

ನಿನ್ನ
ಅಪ್ಪ