ಹಕ್ಕಳೆ ಎದ್ದ ಸ್ಕೂಟರ್ ಪ್ಯಾನೆಲ್‌ಗಳು: ಪೇಂಟಿಂಗ್ ಅಂಗಡಿಗೆ ಒಂದು ದೂರು

ಇಂದ,
ನವನಗರದ ಗ್ರಾಹಕ, ಹುಬ್ಬಳ್ಳಿ
(ಹೆಸರು, ಫೋನ್ ನಂಬರ್ ನಿಮ್ಮ ಬಿಲ್ ಪುಸ್ತಕದಲ್ಲಿವೆ)

ಗೆ,
ಮಾಲೀಕರು,
ಗಾಡಿ ಪೇಂಟಿಂಗ್ ಮತ್ತು ಮಾಡಿಫಿಕೇಶನ್ ಅಂಗಡಿ,
ಗೋಕುಲ ರಸ್ತೆ, ಹುಬ್ಬಳ್ಳಿ

ವಿಷಯ: ಒಂದು ವರ್ಷದ ಗ್ಯಾರಂಟಿ ಕೊಟ್ಟ ಬಣ್ಣ ಮೊದಲ ಮಳೆಗಾಲಕ್ಕೇ ಕಿತ್ತು ಬಂದಿರುವುದು

ಮಾನ್ಯರೇ, ನಮಸ್ಕಾರ.

ಮಾರ್ಚ್ ತಿಂಗಳಲ್ಲಿ ನಿಮ್ಮ ಅಂಗಡಿಯಲ್ಲಿ ನನ್ನ ಸ್ಕೂಟರ್‌ಗೆ ಫುಲ್ ಬಾಡಿ ಪೇಂಟ್ ಮಾಡಿಸಿದ್ದೆ. ಒಟ್ಟು 9,500 ರೂಪಾಯಿ. ಅದರಲ್ಲಿ 2,800 ರೂಪಾಯಿ ಕೆಳಗಿನ ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ಅಂತ ನೀವೇ ಬೇರೆ ಸಾಲಿನಲ್ಲಿ ಬರೆದಿದ್ದೀರಿ. ಬಿಲ್ಲಿನ ಕೆಳಗೆ ‘ಟೂ ಕೆ ಪಿಯು (ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣ), ಒಂದು ವರ್ಷ ಗ್ಯಾರಂಟಿ’ ಅಂತಲೂ ಇದೆ. ಆರ್‌ಸಿಯಲ್ಲಿ ನೀಲಿ ಅಂತ ಇರುವುದರಿಂದ ನೀಲಿಯನ್ನೇ ಹಾಕಿಸಿದೆ. ಕಪ್ಪು ಭಾಗಗಳಿಗೂ ಅದೇ ನೀಲಿ, ಅಂಚಿಗೆ ಒಂದು ಬೆಳ್ಳಿ ಗೆರೆ. ನಾನು ಕೇಳಿದ ಕಸ್ಟಮ್ ಕೆಲಸ ಇಷ್ಟೇ.

ಈಗ ಫುಟ್‌ಬೋರ್ಡಿನ ಎರಡೂ ಬದಿಯ ಪಟ್ಟಿ ಮತ್ತು ಹಿಂದಿನ ಮಡ್‌ಗಾರ್ಡ್, ಮೂರರಲ್ಲೂ ಬಣ್ಣ ಹಕ್ಕಳೆ ಎದ್ದಿದೆ. ಉಗುರು ಹಾಕಿ ಎಳೆದರೆ ಹಾವಿನ ಪೊರೆಯ ಹಾಗೆ ಉದ್ದಕ್ಕೆ ಬರುತ್ತದೆ. ಬೂಟು ತಾಗುವ ಕಡೆ ಮಾತ್ರ ಹೋಗಿದ್ದರೆ ಸವೆತ ಅಂತ ಸುಮ್ಮನಿರಬಹುದಿತ್ತು. ಕಾಲು, ಕಲ್ಲು ಏನೂ ತಾಗದ ಒಳ ಅಂಚಿನಲ್ಲೂ ಹೀಗೇ ಆಗಿದೆ.

ತೋರಿಸೋಕೆ ಬಂದಾಗ ನಿಮ್ಮ ಹುಡುಗ ಗಾಡಿಯನ್ನು ಒಂದು ಸುತ್ತು ನೋಡಿ, “ವಾಟರ್ ಸರ್ವಿಸ್ ಮಾಡಿಸೀರಿ ಅಲ್ರೀ, ಆ ಪ್ರೆಶರ್‌ಗೆ ಎದ್ದೈತ್ರೀ” ಅಂದ. ನೀವು ಬಿಸಿಲಿನ ಮೇಲೆ ಹಾಕಿದಿರಿ. ಎರಡನ್ನೂ ನಾನು ಒಪ್ಪುವುದಿಲ್ಲ. ಮುಂದಿನ ಏಪ್ರನ್‌ಗೂ, ಅಂದರೆ ಹ್ಯಾಂಡಲ್ ಕೆಳಗಿನ ಅಗಲ ಪ್ಯಾನೆಲ್‌ಗೂ, ನೀವೇ ಬಣ್ಣ ಹೊಡೆದದ್ದು. ಅದೇ ಗನ್, ಅದೇ ಡಬ್ಬಿ. ಅದೂ ಅದೇ ನೀರು ಕುಡಿದಿದೆ, ಅದೇ ಏಪ್ರಿಲ್-ಮೇ ಬಿಸಿಲಲ್ಲಿ ನಿಂತಿದೆ. ಅದರ ಬಣ್ಣ ಕದಲಿಲ್ಲ. ನೀರು, ಬಿಸಿಲು ಕಪ್ಪು ಭಾಗಗಳನ್ನೇ ಆರಿಸಿಕೊಂಡು ಹೋಗುತ್ತವಾ?

ನಾನು ತಾರಿಹಾಳದ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕದ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡಿದವನು. ಹಾಗಾಗಿ ಊಹೆಯ ಮಾತು ಆಡುತ್ತಿಲ್ಲ. ಪ್ಯಾನೆಲ್ ಬಿಚ್ಚಿ ಒಳಮೈ ನೋಡಿದೆ. ಏಪ್ರನ್ ಮೇಲೆ ‘ಎಬಿಎಸ್’ ಅಂತ ಅಚ್ಚು ಇದೆ, ಅದು ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್. ಕಪ್ಪು ಭಾಗಗಳ ಮೇಲೆ ‘ಪಿಪಿ’, ಅಂದರೆ ಪಾಲಿಪ್ರೊಪಿಲೀನ್. ಆ ಅಚ್ಚನ್ನು ಕಂಪನಿಯವರು ಸುಮ್ನೆ ಹಾಕಿರುವುದಿಲ್ಲ. ಅಚ್ಚು ಕಾಣದಿದ್ದರೂ ಗೊತ್ತು ಮಾಡಿಕೊಳ್ಳೋಕೆ ದಾರಿ ಇದೆ. ಮುರಿದ ಕ್ಲಿಪ್ಪಿನ ಒಂದು ಚೂರನ್ನು ನೀರಿಗೆ ಹಾಕಿದರೆ ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ನನ್ನ ಗಾಡಿಯದು ತೇಲಿತು.

ಎಬಿಎಸ್‌ಗೆ ಬಣ್ಣ ಹಿಡಿಯುವುದು ಸುಲಭ. ಚೆನ್ನಾಗಿ ತೊಳೆದು, ಎಮರಿ ಉಜ್ಜಿ, ಒಳ್ಳೆ ಪ್ರೈಮರ್ ಕೊಟ್ಟರೆ ಸಾಕು. ಪಿಪಿ ಹಾಗಲ್ಲ. ಅದರ ಮೈ ಯಾವುದನ್ನೂ ಹಿಡಿದುಕೊಳ್ಳುವುದಿಲ್ಲ, ಫೆವಿಕ್ವಿಕ್ ಕೂಡ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಪಿಪಿಗೆ ಮೊದಲು ಅಡ್‌ಹೀಶನ್ ಪ್ರಮೋಟರ್ ಅಂತ ತೆಳುವಾದ ಒಂದು ಕೋಟ್ ಬೇಕು. ಇಲ್ಲವೇ ಕಾರ್ಖಾನೆಗಳಲ್ಲಿ ಮಾಡುವ ಹಾಗೆ ಮೇಲ್ಮೈ ಮೇಲೆ ಬೆಂಕಿಯ ಜ್ವಾಲೆ ಹಾಯಿಸಬೇಕು. ಎರಡೂ ಇಲ್ಲದೆ ಎಷ್ಟು ದುಬಾರಿ ಬಣ್ಣ ಹೊಡೆದರೂ ಅದು ಮೇಲೆ ಕೂತಿರುತ್ತದೆ ಅಷ್ಟೇ, ಅಂಟಿರುವುದಿಲ್ಲ.

ನೀವು ಆ ಕೋಟ್ ಕೊಟ್ಟಿಲ್ಲ ಅಂತ ನಾನು ಹೇಳುವುದಕ್ಕೆ ಕಾರಣ ಎದ್ದು ಬಂದ ಹಕ್ಕಳೆಯಲ್ಲೇ ಇದೆ. ಅದನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಬೂದು ಪ್ರೈಮರ್ ಪೂರ್ತಿ ಬಂದಿದೆ, ಪ್ಯಾನೆಲ್ ಮೇಲೆ ಒಂದು ಚುಕ್ಕೆಯೂ ಉಳಿದಿಲ್ಲ. ನೀರಿನ ಹೊಡೆತಕ್ಕೆ ಪದರಗಳ ನಡುವೆ ಬಿಟ್ಟಿದ್ದರೆ ಪ್ರೈಮರ್ ಅಲ್ಲಲ್ಲಿ ಉಳಿಯುತ್ತಿತ್ತು. ಇಲ್ಲಿ ಬುಡದಲ್ಲೇ ಹಿಡಿತ ಇಲ್ಲ. ಅಷ್ಟೇ ಅಲ್ಲ, ಕಪ್ಪು ಪ್ಲಾಸ್ಟಿಕ್ಕಿನ ತರಿತರಿ ಮೈ ನುಣುಪು ಮಾಡೋಕೆ ತಗಡಿಗೆ ಹಾಕುವ ಪುಟ್ಟಿಯನ್ನೇ ಬಳಿದಿದ್ದೀರಿ. ಪಿಪಿ ಬಾಗುವ ವಸ್ತು. ಬಿಸಿಲಿಗೆ ಹಿಗ್ಗುವುದರಲ್ಲೂ ಅದು ಉಕ್ಕಿನ ಸುಮಾರು ಹತ್ತು ಪಟ್ಟು. ಅದರ ಮೇಲೆ ಗಟ್ಟಿ ಪುಟ್ಟಿ ಬಿರುಕು ಬಿಡದೆ ಇನ್ನೇನು ಮಾಡುತ್ತದೆ?

ಇನ್ನೂ ಒಂದು ಪರೀಕ್ಷೆ ಮಾಡಿದೆ, ಬೇಕಾದರೆ ನಿಮ್ಮ ಎದುರಿಗೇ ಮತ್ತೆ ಮಾಡುತ್ತೇನೆ. ಬಣ್ಣದ ಹಿಡಿತ ನೋಡೋಕೆ ಐಎಸ್‌ಒ 2409 ಅಂತ ಒಂದು ಮಾನದಂಡ ಇದೆ. ಬ್ಲೇಡಿನಿಂದ ಆರು ಅಡ್ಡ ಗೆರೆ, ಆರು ಉದ್ದ ಗೆರೆ ಎಳೆದರೆ 25 ಚೌಕ ಆಗುತ್ತವೆ. ಮೇಲೆ ಟೇಪ್ ಒತ್ತಿ ಕೀಳಬೇಕು. ಏಪ್ರನ್‌ನ ಒಳ ಅಂಚಿನಲ್ಲಿ ಒಂದು ಚೌಕವೂ ಏಳಲಿಲ್ಲ. ಫುಟ್‌ಬೋರ್ಡ್ ಪಟ್ಟಿಯಲ್ಲಿ ಇಡೀ ಜಾಗವೇ ಟೇಪಿನ ಜೊತೆ ಬಂತು.

ಕೆಲಸ ಕೊಡುವಾಗ ನಾನು ಇದನ್ನೇ ಕೇಳಿದ್ದೆ: ಕಪ್ಪು ಭಾಗ ಬೇರೆ ಪ್ಲಾಸ್ಟಿಕ್ ಇರಬಹುದು, ಅದಕ್ಕೆ ಬೇರೆ ಪ್ರೈಮರ್ ಬೇಡವಾ? ನಿಮ್ಮ ಉತ್ತರ, “ಪ್ಲಾಸ್ಟಿಕ್ ಅಂದ್ರ ಎಲ್ಲಾ ಒಂದರೀ ಸರ, ನೀವು ಟೆನ್ಶನ್ ಬಿಡ್ರಿ.” ನಿಮ್ಮ ಅಂಗಡಿಯ ಬೋರ್ಡಿನಲ್ಲಿ ಬೆಂಕಿ ಡಿಸೈನಿನ ಒಂದು ಸ್ನೋಮೊಬೈಲ್ ಫೋಟೋ ಇದೆಯಲ್ಲ, ಹಿಮದ ಮೇಲೆ ಓಡಿಸೋದು. ಹುಬ್ಬಳ್ಳಿಯಲ್ಲಿ ಅದನ್ನು ಯಾರು ಓಡಿಸುತ್ತಾರೋ ಗೊತ್ತಿಲ್ಲ, ಇರಲಿ. ಅದರ ಮೈಯೂ ಪ್ಲಾಸ್ಟಿಕ್ಕೇ. ಕೆನಡಾದಂಥ ಕಡೆ ಮೈನಸ್ 30 ಡಿಗ್ರಿ ಚಳಿಯಲ್ಲಿ ಆ ಪ್ಯಾನೆಲ್‌ಗಳು ಬಾಗುತ್ತವೆ, ಐಸಿನ ಗಡ್ಡೆಗಳು ಬಂದು ಬಡಿಯುತ್ತವೆ. ಅದಕ್ಕೇ ಆ ಕೆಲಸ ಬಲ್ಲವರು ಪ್ಲಾಸ್ಟಿಕ್ ಯಾವುದು ಅಂತ ಮೊದಲು ನೋಡುತ್ತಾರೆ, ಬೇಕಾದಲ್ಲಿ ಬಣ್ಣ ಬಾಗಲಿ ಅಂತ ಫ್ಲೆಕ್ಸ್ ಅಡಿಟಿವ್ ಬೆರೆಸುತ್ತಾರೆ. ಆ ಫೋಟೋ ಹಾಕಿಕೊಂಡ ಅಂಗಡಿಯಿಂದ ಅಷ್ಟಾದರೂ ಬಯಸಬಹುದು, ಅಲ್ವಾ?

ಇನ್ನೊಂದು ದೂರು ಇದೆ. ಸೀಟಿನ ಕೆಳಗಿನ ಎಡ ಪ್ಯಾನೆಲ್ ಡೊಂಕಾಗಿದೆ. ಬಣ್ಣ ಬೇಗ ಒಣಗಲಿ ಅಂತ ಹ್ಯಾಲೋಜನ್ ದೀಪವನ್ನು ಅದಕ್ಕೆ ತೀರಾ ಹತ್ತಿರ ಇಟ್ಟಿದ್ದನ್ನು ನಾನೇ ನೋಡಿದ್ದೆ. 60 ಡಿಗ್ರಿ ಶಾಖ ಸಾಕಾಗುವ ಕೆಲಸ ಅದು. ಎಬಿಎಸ್ 100 ಡಿಗ್ರಿ ಹತ್ತಿರ ಹೋದರೆ ಮೆತ್ತಗಾಗುತ್ತದೆ. ಈಗ ಹಿಂಬದಿಯ ಕ್ಲಿಪ್ ಕೂರುತ್ತಿಲ್ಲ, ಉಣಕಲ್ ಕಡೆ ಹೋಗುವಾಗ ಪ್ರತಿ ಹಂಪ್‌ನಲ್ಲೂ ಕಟಕಟ ಸದ್ದು. ಬಣ್ಣಕ್ಕಿಂತ ಇದೇ ಜಾಸ್ತಿ ತಲೆ ತಿನ್ನುತ್ತಿದೆ.

ನೀವು ಮಾಡಿಕೊಡಬೇಕಾದದ್ದು ಹೀಗಿದೆ. ಮೂರೂ ಪಿಪಿ ಭಾಗಗಳ ಹಳೆ ಬಣ್ಣ, ಪುಟ್ಟಿ ಪೂರ್ತಿ ತೆಗೆಯಬೇಕು. ಸೋಪು ನೀರಲ್ಲಿ ತೊಳೆದು, ಸ್ಕಾಚ್ ಬ್ರೈಟ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಆಮೇಲೆ ಪಿಪಿಗೆ ಅಂತಲೇ ಬರುವ ಪ್ರಮೋಟರ್ ಹೊಡೆಯಬೇಕು. ಡಬ್ಬಿಯನ್ನು ನನಗೆ ತೋರಿಸಿ ಹೊಡೆಯಿರಿ. ಪುಟ್ಟಿ ಬೇಡ, ತರಿ ಮೈ ಹಾಗೇ ಇರಲಿ. ಮೊದಲು ಒಂದೇ ಭಾಗ ಮಾಡಿ, ಪೂರ್ತಿ ಒಣಗಿದ ಮೇಲೆ ಟೇಪ್ ಪರೀಕ್ಷೆ ಆಗಲಿ, ಆಮೇಲೆ ಉಳಿದದ್ದು. ಡೊಂಕಾದ ಪ್ಯಾನೆಲ್ ಬದಲಿಗೆ ಹೊಸದು ತರಿಸಿ ಬಣ್ಣ ಹೊಡೆದು ಕೊಡಬೇಕು. ಮತ್ತೆ ಬಿಸಿ ಮಾಡಿ ತಿದ್ದುತ್ತೇನೆ ಅಂದರೆ ನಾನು ಒಪ್ಪುವುದಿಲ್ಲ. ಈ ಯಾವುದಕ್ಕೂ ಹೊಸದಾಗಿ ದುಡ್ಡು ಕೊಡುವುದಿಲ್ಲ.

ಇದು ಆಗದು ಅನ್ನುವುದಾದರೆ 2,800 ರೂಪಾಯಿ ಮತ್ತು ಹೊಸ ಪ್ಯಾನೆಲ್ಲಿನ ಬೆಲೆ ವಾಪಸ್ ಕೊಡಿ, ಬೇರೆ ಕಡೆ ಮಾಡಿಸಿಕೊಳ್ಳುತ್ತೇನೆ. ಏಪ್ರನ್ ಕೆಲಸ ಚೆನ್ನಾಗಿದೆ. ಬೆಳ್ಳಿ ಗೆರೆ ಎಳೆದ ನಿಮ್ಮ ಹುಡುಗನ ಕೈ ನಿಜಕ್ಕೂ ಒಳ್ಳೆಯದು, ಅದರ ದುಡ್ಡು ನಾನು ಕೇಳುತ್ತಿಲ್ಲ.

ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಕೊಡಿ. ಬರದಿದ್ದರೆ 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ನನಗೆ ಅದರ ಭಾರವೇನೂ ಆಗುವುದಿಲ್ಲ.

ಬಿಲ್ಲಿನ ನಕಲು, ಪ್ಯಾನೆಲ್‌ಗಳ ಒಳಗಿನ ಅಚ್ಚಿನ ಫೋಟೋ, ಟೇಪ್ ಪರೀಕ್ಷೆಯ ಫೋಟೋ ಜೊತೆಗಿಟ್ಟಿದ್ದೇನೆ. ಎದ್ದು ಬಂದ ಹಕ್ಕಳೆಗಳು ಒಂದು ಕವರಿನಲ್ಲಿ ನನ್ನ ಹತ್ತಿರ ಇವೆ. ಸಂಜೆ ಆರರ ಮೇಲೆ ಫೋನ್ ಮಾಡಿದರೆ ಪ್ಯಾನೆಲ್ ಬಿಚ್ಚಿಕೊಂಡು ನಾನೇ ಅಂಗಡಿಗೆ ತರುತ್ತೇನೆ. ಗಾಡಿ ಮಾತ್ರ ನಿಮ್ಮಲ್ಲಿ ಬಿಟ್ಟು ಹೋಗುವುದಿಲ್ಲ, ದಿನಾ ಕೆಲಸಕ್ಕೆ ಬೇಕು.

ಇಂತಿ,
ನಿಮ್ಮ ಗ್ರಾಹಕ
(ಸಹಿ)