ಮಳೆ ಅಂತ ಸ್ಕ್ಯಾನ್ ಬಿಡಬೇಡ ಪುಟ್ಟಿ

ಸೋಮವಾರಪೇಟೆ
ಜೂನ್ 20

ಪ್ರೀತಿಯ ಪುಟ್ಟಿ,

ನಿನ್ನೆ ಮಾತಾಡುವಾಗಲೇ ಫೋನ್ ಕಟ್ ಆಯಿತು. ಮಳೆ ಹಿಡಿದ ಮೇಲೆ ಇಲ್ಲಿ ನೆಟ್‌ವರ್ಕ್ ಹೀಗೇ. ಹೇಳಬೇಕಾದ್ದೆಲ್ಲ ಹಾಗೇ ಉಳಿಯಿತು, ಅದಕ್ಕೇ ಬರೆಯುತ್ತಿದ್ದೇನೆ.

ರಿಪೋರ್ಟಿನಲ್ಲಿ ಆಂಟಿ-ರೋ (ನಮ್ಮ ಮೈಯನ್ನೇ ಕಾಡುವ ಒಂದು ಆಂಟಿಬಾಡಿ) ಪಾಸಿಟಿವ್ ಬಂದಿದೆ, ಡಾಕ್ಟರ್ ಹೈಡ್ರಾಕ್ಸಿಕ್ಲೋರೋಕ್ವಿನ್ ಬರೆದಿದ್ದಾರೆ, ಅತ್ತೆ ಮಾತ್ರ ಬೇಡ ಅನ್ನುತ್ತಿದ್ದಾರೆ ಅಂದೆಯಲ್ಲ. ಅವರ ಮೇಲೆ ಸಿಟ್ಟಾಗಬೇಡ. ಬಸುರಿಗೆ ಮಾತ್ರೆ ಆಗದು ಅನ್ನುವುದು ನಮ್ಮ ಕಾಲದವರ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಡಾಕ್ಟರನ್ನು ಕೇಳದೆ ನೀನು ಅದನ್ನು ನಿಲ್ಲಿಸಬೇಡ. ಮಲೇರಿಯಾಕ್ಕೆ ಅಂತ ಬಂದ ಮದ್ದು ಅದು. ಲೂಪಸ್, ಅಂದರೆ ಮೈ ಕಾಯುವ ಶಕ್ತಿಯೇ ಮೈಗೆ ತಿರುಗಿಬೀಳುವ ಕಾಯಿಲೆ, ಇರುವ ಹೆಂಗಸರು ಬಸಿರಿನಲ್ಲೂ, ಹಾಲೂಡಿಸುವಾಗಲೂ ತೆಗೆದುಕೊಳ್ಳುತ್ತಾರೆ. ನಿನ್ನ ಕೀಲುನೋವಿಗೂ ಅದೇ ಬೇಕು.

ನಿನ್ನ ಅಣ್ಣ ಈ ದೊಡ್ಡಮ್ಮನ ಹೊಟ್ಟೆಯಲ್ಲಿದ್ದಾಗ ನನಗೆ ಇದೊಂದೂ ಗೊತ್ತಿರಲಿಲ್ಲ. ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ. ಅಕ್ಕಿರೊಟ್ಟಿ ಒಂದು ತುತ್ತು ಇಳಿಯಲು ಒಂದು ಗುಟುಕು ನೀರು ಬೇಕು. ನನ್ನ ರಕ್ತದಲ್ಲೂ ಆಂಟಿ-ರೋ ಇದೆ ಅಂತ ತಿಳಿಯದೆ, ಸೌದೆ ಒಲೆಯ ಹೊಗೆ ಅಂದುಕೊಂಡು ಸುಮ್ನೆ ಇದ್ದೆ. 22ನೇ ವಾರದ ಸ್ಕ್ಯಾನಿನಲ್ಲಿ ಮಗುವಿನ ಎದೆಬಡಿತ ನಿಮಿಷಕ್ಕೆ 58. ಹೊಟ್ಟೆಯೊಳಗಿನ ಮಗುವಿಗೆ 110ರಿಂದ 160 ಇರಬೇಕು. ಮಷಿನ್ ಸರಿಯಿಲ್ಲ, ಮುಂದಿನ ವಾರ ಬನ್ನಿ ಅಂದರು. ಮುಂದಿನ ವಾರವೂ ಅಷ್ಟೇ. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಮಳೆ ನಿಂತ ಮೇಲೆ ಹೆಂಚಿನ ತುದಿಯಿಂದ ಹನಿ ಬೀಳುತ್ತದಲ್ಲ, ಹಾಗೆ. ಒಂದು ಹನಿ. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೊಂದು.

ಆಮೇಲೆ ಮೈಸೂರಿನಲ್ಲಿ ಒಬ್ಬರು ಡಾಕ್ಟರಮ್ಮ ಕೂರಿಸಿಕೊಂಡು ಬಿಡಿಸಿ ಹೇಳಿದರು. ತಾಯಿಯ ಆಂಟಿಬಾಡಿ ಮಾಸಿನ (ಪ್ಲಾಸೆಂಟಾದ) ಮೂಲಕ ಮಗುವಿಗೆ ಹೋಗುವುದು ಒಳ್ಳೆಯದಕ್ಕೇ, ಹುಟ್ಟಿದ ಮೇಲೆ ಕಾಯಿಲೆ ತಾಗದ ಹಾಗೆ ಕಾಯಲು. ಆದರೆ ಮಾಸಿಗೆ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಗೊತ್ತಾಗುವುದಿಲ್ಲ. ಆಂಟಿ-ರೋ ಕೂಡ ಹೋಗುತ್ತದೆ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಕರೆಂಟು ದಾಟಿಸುವ ಒಂದು ಸಣ್ಣ ಗಂಟು ಇದೆಯಂತೆ. ಕೆಲವು ಮಕ್ಕಳಲ್ಲಿ ಅಲ್ಲಿ ಉರಿಯೂತವಾಗಿ, ಗಾಯ ಒಣಗಿ ಕಲೆಯಾಗಿಬಿಡುತ್ತದೆ. ಮೇಲಿನ ಕೋಣೆ ಬಡಿಯುತ್ತಲೇ ಇರುತ್ತದೆ, ಸುದ್ದಿ ಮಾತ್ರ ಕೆಳಗೆ ಮುಟ್ಟುವುದಿಲ್ಲ. ದಾರಿ ಪೂರ್ತಿ ಮುಚ್ಚಿಹೋದರೆ ಮತ್ತೆ ತೆರೆಯುವುದಿಲ್ಲ.

ಊರಿನವರು ಏನೇನು ಅಂದರು ಗೊತ್ತಾ? ಗ್ರಹಣದ ದಿನ ಹೊರಗೆ ಬಂದಳು, ಪಪ್ಪಾಯಿ ತಿಂದಳು ಅಂತ. ನಾನೂ ನಂಬಿ ಎಷ್ಟೋ ರಾತ್ರಿ ಅತ್ತಿದ್ದೇನೆ. ನೀನು ಅಳಬೇಡ ಪುಟ್ಟಿ. ನೀನು ತಿಂದದ್ದರಿಂದ, ಮಾಡಿದ್ದರಿಂದ ಬರುವುದಲ್ಲ ಇದು.

ಇನ್ನು ಹೆದರಿಕೆಯ ಲೆಕ್ಕ. ಆಂಟಿ-ರೋ ಇರುವ 100 ತಾಯಂದಿರಲ್ಲಿ ಒಬ್ಬಿಬ್ಬರ ಮಗುವಿಗೆ ಮಾತ್ರ ಹೀಗಾಗುತ್ತದೆ. ನನ್ನ ಹಾಗೆ ಒಂದು ಮಗುವಿಗೆ ಆಗಿದ್ದರೆ ಮುಂದಿನದಕ್ಕೆ ಐದಾರರಲ್ಲಿ ಒಂದು. ಅದನ್ನು ಕೇಳಿ ನಾನು ಎರಡನೆಯದು ಬೇಡ ಅಂದುಬಿಟ್ಟೆ. ಅಂಥ ತಾಯಂದಿರಲ್ಲಿ ಈ ಮಾತ್ರೆ ಅಪಾಯವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು ಅಂತ 2020ರಲ್ಲಿ ಅಮೆರಿಕದ ಡಾಕ್ಟರುಗಳು ಬರೆದರು. ಓದಿದ ದಿನ ನನಗೆ ಖುಷಿಯೂ ಆಯಿತು, ಸಂಕಟವೂ ಆಯಿತು.

ನಿನಗೀಗ 14 ವಾರ. ಈ ತೊಂದರೆ ಜಾಸ್ತಿ ಕಾಣಿಸಿಕೊಳ್ಳುವುದು 18ರಿಂದ 26ನೇ ವಾರದೊಳಗೆ. ಅಂದರೆ ಜುಲೈ, ಆಗಸ್ಟ್, ಸೆಪ್ಟೆಂಬರ್. ಪೂರ್ತಿ ಮಳೆಗಾಲ. ನಿಮ್ಮ ಭಾಗಮಂಡಲದ ಕಡೆ ಗುಡ್ಡದ ಬರೆ ಕುಸಿದರೆ, ಮರ ಬಿದ್ದರೆ, ದಾರಿ ಯಾವಾಗ ಬಿಡುತ್ತದೋ ಹೇಳುವವರಿಲ್ಲ. ಮಗುವಿನ ಹೃದಯದ ಎಕೋ ಸ್ಕ್ಯಾನ್ ಎಷ್ಟು ದಿನಕ್ಕೊಮ್ಮೆ ಅಂತ ಡಾಕ್ಟರ ಹತ್ತಿರ ಈಗಲೇ ಬರೆಸಿಕೋ. ಆ ಎರಡು ತಿಂಗಳು ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿರು. ನಾನು ಅವಳ ಹತ್ತಿರ ಮಾತಾಡಿದ್ದೇನೆ, ಮುಂದಿನ ರೂಮು ಖಾಲಿ ಮಾಡಿಸಿದ್ದಾಳೆ. ಬಡಿತ ನಿಧಾನ ಅಂತ ಯಾರಾದರೂ ಅಂದರೆ ಮುಂದಿನ ವಾರಕ್ಕೆ ಕಾಯಬೇಡ. ಅವತ್ತೇ ಮಕ್ಕಳ ಹೃದಯದ ಡಾಕ್ಟರಿಗೆ ತೋರಿಸು.

ಮಗು ಹುಟ್ಟಿದ ಮೇಲೆ ಒಂದು ಇಸಿಜಿ ಮಾಡಿಸಿ. ಮುಖದ ಮೇಲೆ ಕೆಂಪು ಉಂಗುರದಂಥ ಗುರುತು ಬಂದರೆ ಗಾಬರಿ ಬೇಡ, ಬಿಸಿಲಿಗೆ ಮಾತ್ರ ಒಡ್ಡಬೇಡ. ನಿನ್ನ ಆಂಟಿಬಾಡಿ ಅದರ ಮೈಯಿಂದ ಕರಗಿದ ಹಾಗೆ ಆರೆಂಟು ತಿಂಗಳಲ್ಲಿ ಅದೂ ಮಾಯುತ್ತದೆ.

ಅಣ್ಣನನ್ನು ನೀನು ನೋಡಿಯೇ ಇದ್ದೀಯ. ಒಂಬತ್ತನೇ ದಿನಕ್ಕೆ ಬೆಂಗಳೂರಿನ ಜಯದೇವದಲ್ಲಿ ಪೇಸ್‌ಮೇಕರ್ ಹಾಕಿದರು, ಹೊಟ್ಟೆಯ ಚರ್ಮದ ಕೆಳಗೆ, ಬೆಂಕಿಪೊಟ್ಟಣದಷ್ಟು ಉಬ್ಬು. ಎಣ್ಣೆ ಹಚ್ಚುವಾಗ ಅದರ ಸುತ್ತ ಬೆರಳು ಆಡಿಸುತ್ತಿದ್ದೆ. ಹಾಕಿ ಆಟ ಬೇಡ ಅಂದರು, ಹಾಕಿಗೆ ಹೆಸರಾದ ಈ ಕೊಡಗಿನಲ್ಲಿ ಹುಟ್ಟಿ ಅದೊಂದು ಬೇಸರ ಅವನಿಗೆ. ಶಟಲ್ ಆಡುತ್ತಾನೆ, ತೋಟದಲ್ಲಿ ದಿನವಿಡೀ ನಡೆಯುತ್ತಾನೆ.

ಭಾನುವಾರ ಅವನನ್ನೂ ಕರೆದುಕೊಂಡು ಬರುತ್ತೇನೆ. ಅತ್ತೆಯ ಹತ್ತಿರ ನಾನೇ ಮಾತಾಡುತ್ತೇನೆ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಅಲ್ಲಿಯವರೆಗೆ ಮಾತ್ರೆ ತಪ್ಪಿಸಬೇಡ.

ನಿನ್ನ
ದೊಡ್ಡಮ್ಮ